ಬರಿ ಬುಟ್ಟಿ ಕಳಿಸಬಾರದು

26 ಆಗಸ್ಟ್ 2025, ಮಂಗಳವಾರ

ಮತ್ತೆ ಸಾಗರದ ಪೋಸ್ಟ್ ಆಫೀಸು. ಹತ್ತಕ್ಕೆ ಹೋಗಿ ನಿಂತವಳು ಹನ್ನೊಂದೂಮುಕ್ಕಾಲಿಗೆ ಹೊರಬಿದ್ದೆ. ಕೈಯಲ್ಲಿದ್ದ ಪಾರ್ಸೆಲ್ ಕೈಯಲ್ಲೇ. ಅಮೆರಿಕಕ್ಕೆ ಬುಕಿಂಗೇ ಇಲ್ಲವಂತೆ, ನಿನ್ನೆಯಿಂದ ಬಂದ್.

ಕೌಂಟರಿನ ಶ್ಯಾಮಲಾ ಪಾಪ, ಒಳ್ಳೆಯವಳು. “ಅಲ್ಲಿ ಸುಂಕ ಯಾರು ವಸೂಲಿ ಮಾಡ್ಬೇಕು, ಹ್ಯಾಂಗೆ ಮಾಡ್ಬೇಕು ಅಂತ್ಲೇ ಇನ್ನೂ ತೀರ್ಮಾನ ಆಗ್ಲಿಲ್ಲಂತೆ ಸುಪ್ರಿಯಕ್ಕಾ. ಮೇಲಿಂದ ಆರ್ಡರ್. ನಾನೆಂತ ಮಾಡ್ಲಿ?” ಎಂದಳು.

ಎಂಟನೇ ತಾರೀಕು ಕಳಿಸಿದ, ಅತ್ತೆ ಬರೆದ ಇನ್ನೊಂದು ಚಿತ್ತಾರದ ಪಟ ಬೆಂಗಳೂರಲ್ಲೇ ಕೂತಿದೆ. ಟ್ರ್ಯಾಕಿಂಗ್‌ನಲ್ಲಿ ದಿನಾ ಅದೇ ಒಂದು ಸಾಲು. ತಗೊಂಡವನ ಮೇಲ್ ಬೇರೆ — ಐವತ್ತು ಪರ್ಸೆಂಟ್ ಸುಂಕ ಬಿದ್ದರೆ ನಾನು ಬಿಡಿಸಿಕೊಳ್ಳುವುದಿಲ್ಲ ಅಂತ. ಬಿಡಿಸಿಕೊಳ್ಳಬೇಡ ಮಾರಾಯ. ಸುಂಕ ಹಾಕಿದವಳು ನಾನಾ?

ಮನೆಗೆ ಬಂದರೆ ಅತ್ತೆ ಜಗಲಿಯಲ್ಲಿ ಕೂತು ಪುಂಡಿನಾರಿನ ಕುಂಚ ಕಟ್ಟುತ್ತಿದ್ದರು. “ಹೋಯ್ತನೇ ಅಮೆರಿಕಕ್ಕೆ?” ಅಂದರು. “ನಾಳೆ ಹೋಗ್ತದೆ ಅತ್ತೆ” ಅಂದೆ. ಸುಳ್ಳು ಹೇಳುವುದು ಅಭ್ಯಾಸ ಆಗ್ತಾ ಇದೆ.

30 ಆಗಸ್ಟ್, ಶನಿವಾರ

ಪಟ ತಗೊಂಡ ಜರ್ಮನಿಯ ಹೆಂಗಸಿನ ಮೇಲ್. ಮನೆ ಬಾಗಿಲಲ್ಲಿ ಅವಳ ಹತ್ತಿರ ಹತ್ತೊಂಬತ್ತು ಪರ್ಸೆಂಟ್ ತೆರಿಗೆ, ಅದರ ಮೇಲೆ ಕೊರಿಯರ್‌ನವರ ಚಾರ್ಜು ಎರಡನ್ನೂ ಕಟ್ಟಿಸಿಕೊಂಡರಂತೆ. ಮೊದಲೇ ಯಾಕೆ ಹೇಳಲಿಲ್ಲ ಅಂತ ಬೈಗುಳ. ಮೊದಲು ನನಗೆ ಯಾರು ಹೇಳಿದ್ದರು?

ಪಟ ಮಾರುವ ವೆಬ್‌ಸೈಟಿನವರದು ಮತ್ತೊಂದು ಫಾರಂ. ನಾನು ಅಮೆರಿಕದವಳಲ್ಲ ಎಂದು ನಾನೇ ಸಹಿ ಹಾಕಿ ಬರೆದುಕೊಡಬೇಕಂತೆ, ಇಲ್ಲದಿದ್ದರೆ ಮೂವತ್ತು ಪರ್ಸೆಂಟ್ ಅಲ್ಲಿಯ ಸರ್ಕಾರಕ್ಕೆ ಮುರಿದುಕೊಳ್ಳುತ್ತಾರಂತೆ. ವರದಮೂಲದ ಬಸ್ಸಿಗೆ ಕಾಯುತ್ತಾ ನಿಂತು ಮೊಬೈಲಲ್ಲಿ ತುಂಬಿದೆ. ನಾನು ಅಮೆರಿಕದವಳಲ್ಲ. ದೇವರಾಣೆ ಅಲ್ಲ.

ಇಲ್ಲಿಯ ಇನ್‌ಕಮ್ ಟ್ಯಾಕ್ಸ್ ಇನ್ನೂ ತುಂಬಿಲ್ಲ. ಬರೆಯುವ ಕೈ ಅತ್ತೆಯದು, ಪ್ಯಾನ್ ಕಾರ್ಡು ನನ್ನದು. ಹಾಗಾದರೆ ಆದಾಯ ಯಾರದು? ಮಂಜುನಾಥಪ್ಪನವರನ್ನು ಕೇಳಬೇಕು. ಮದುವೆಗೆ ಮುಂಚೆ ಮೂರು ವರ್ಷ ಅವರ ಟ್ಯಾಕ್ಸ್ ಆಫೀಸಿನಲ್ಲಿ ಕೆಲಸ ಮಾಡಿದವಳು ನಾನು. ಊರವರ ರಿಟರ್ನ್ಸ್ ಎಲ್ಲ ತಪ್ಪಿಲ್ಲದೆ ತುಂಬಿದ್ದೇನೆ. ನನ್ನದನ್ನು ಮಾತ್ರ ಮುಂದೂಡುತ್ತಲೇ ಇದ್ದೇನೆ.

3 ಸೆಪ್ಟೆಂಬರ್, ಬುಧವಾರ. ಮಧ್ಯಾಹ್ನ

ಆಸ್ಟ್ರೇಲಿಯಾದ ಪ್ಯಾಕಿಂಗ್ ಇವತ್ತು. ಒಂಬತ್ತು ಬುಟ್ಟಿ, ದೊಡ್ಡದರಿಂದ ಚಿಕ್ಕದರವರೆಗೆ. ಅಲ್ಲಿಯ ಒಂದು ಮ್ಯೂಸಿಯಂನಲ್ಲಿ ಬೆಳೆ ಹಬ್ಬಗಳ ಪ್ರದರ್ಶನವಂತೆ. ಹೆಲೆನ್ ಅಂತ, ಅಲ್ಲಿಯವಳು, ಭೂಮಿ ಹುಣ್ಣಿಮೆಯಂದು ಗದ್ದೆಗೆ ಎಡೆ ಒಯ್ಯುವ ನಮ್ಮ ಬುಟ್ಟಿಯ ಫೋಟೋ ಎಲ್ಲೋ ನೋಡಿ ಹುಡುಕಿಕೊಂಡು ಬಂದಳು. ಅರ್ಧ ದುಡ್ಡು ಮುಂಗಡ ಕೊಟ್ಟಿದ್ದಾಳೆ. ಅಲ್ಲಿಯ ಸುಂಕ, ತೆರಿಗೆ ಎಲ್ಲ ಮ್ಯೂಸಿಯಂನದೇ. ದೇವರಂಥವಳು.

ಅತ್ತೆಗೆ ನಾಲ್ಕು ತಿಂಗಳು ಹಿಡಿಯಿತು. ಹೋದ ವರ್ಷದಿಂದ ಬಲಗೈ ನಡುಗುತ್ತದೆ. ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡಿದುಕೊಂಡು ಒಂದೊಂದು ಗೆರೆ ಎಳೆದರು. ಕೊನೆಯ ಬುಟ್ಟಿ ಮುಗಿದ ದಿನ ಕುಂಚ ತೊಳೆದಿಟ್ಟು, “ಇನ್ನು ನನ್ನ ಕೈಯಾಗೆ ಇಷ್ಟು ದೊಡ್ಡ ಕೆಲ್ಸ ಆಗಾದಿಲ್ಲ ಕಣೆ. ಇದೇ ಕಡೇದು” ಅಂದರು. ಬೇಜಾರಿನಿಂದ ಹೇಳಲಿಲ್ಲ. ಬಟ್ಟೆ ಒಣಗಿತು ಅನ್ನುವ ಹಾಗೆ ಹೇಳಿದರು.

ಆ ದೇಶಕ್ಕೆ ಮಣ್ಣು ಹೋಗಕೂಡದು, ಸಗಣಿ ಹೋಗಕೂಡದು, ಬೀಜ ಹೋಗಕೂಡದು. ನಮ್ಮ ಬುಟ್ಟಿ ಅಂದರೆ ಸಗಣಿ ಬಳಿದು, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಬರೆಯುವುದು. ಮೂರನ್ನೂ ಬಿಡಿಸಿದೆ. ಸಗಣಿಯ ಬದಲು ಕಾಗದದ ಪೇಸ್ಟು, ಬಣ್ಣ ಸಾಗರದ ಪೇಂಟ್ ಅಂಗಡಿಯದು. ಅತ್ತೆ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಆಮೇಲೆ ಒಪ್ಪಿಕೊಂಡರು.

ಇವತ್ತು ಮತ್ತೆ ಶುರು. ಬುಟ್ಟಿಗೆ ಒಂದು ಹಿಡಿ ಭತ್ತ ಹಾಕಬೇಕಂತೆ.

“ಬರಿ ಬುಟ್ಟಿ ಯಾರಾದ್ರೂ ಕೊಡ್ತಾರನೇ? ತಗಂಡೋರ ಮನೇಲಿ ಎಂತ ಉಳೀತದೆ?”

“ಅತ್ತೆ, ಅದು ಮನೆ ಅಲ್ಲ, ಮ್ಯೂಸಿಯಂ.”

“ಅದಕ್ಕೂ ಮಾಡು, ಗೋಡೆ ಇಲ್ವಾ? ಒಳಗೆ ಮನುಷ್ಯರು ಕೂರೋದಿಲ್ವಾ?”

ಭತ್ತದ ತಪ್ಪಲೆಯನ್ನು ಅವರ ಕೈಯಿಂದ ಇಸಿದುಕೊಂಡು ಅಟ್ಟಕ್ಕಿಟ್ಟೆ. ಫಾರಂನಲ್ಲಿ ಬರೆದೆ — ಬುಟ್ಟಿಗಳು ಖಾಲಿ. ಬೀಜ, ಧಾನ್ಯ, ಮಣ್ಣು ಇಲ್ಲ. ಮೂರು ಸಲ ಓದಿ ಸಹಿ ಹಾಕಿದೆ.

4 ಸೆಪ್ಟೆಂಬರ್

ಶಿವಮೊಗ್ಗಕ್ಕೆ ಹೋಗಿ ಕೊರಿಯರ್ ಆಫೀಸಿಗೆ ಒಪ್ಪಿಸಿ ಬಂದೆ. ಅಲ್ಲಿ ಅವರು ಕೇಳಿದಾಗ ನೆನಪಾಯಿತು, ರಫ್ತಿಗೆ ಜಿಎಸ್‌ಟಿ ಕಟ್ಟದೆ ಕಳಿಸಲು ಪ್ರತಿ ವರ್ಷ ಒಂದು ಪತ್ರ ಆನ್‌ಲೈನಲ್ಲಿ ಹಾಕಬೇಕು. ಈ ವರ್ಷದ್ದು ಹಾಕುವುದು ಮರೆತಿದ್ದೇನೆ. ಈಗ ತೆರಿಗೆ ಮೊದಲು ಕಟ್ಟಿ ಆಮೇಲೆ ರೀಫಂಡ್ ಕೇಳಬೇಕು. ಮಂಜುನಾಥಪ್ಪನವರಿಗೆ ಫೋನ್ ಮಾಡಿದರೆ, “ನನ್ನ ಆಫೀಸಲ್ಲಿ ಕಲ್ತು ಹಿಂಗೆ ಮಾಡ್ತೀಯಲ್ಲೇ ತಾಯಿ” ಎಂದರು. ಬಸ್ಸಿನಲ್ಲಿ ಕಣ್ಣು ತುಂಬಿ ಬಂತು. ಮರೆತದ್ದು ಇದೊಂದೇನಾ, ಇನ್ನೂ ಇದೆಯಾ?

24 ಸೆಪ್ಟೆಂಬರ್, ಬುಧವಾರ. ಬೆಳಿಗ್ಗೆ 8:40

ಇನ್ನೂ ಇದೆ.

ಮೇಲ್ ಬಂದಿದೆ. ಆಸ್ಟ್ರೇಲಿಯಾದ ತಪಾಸಣೆಯವರು ಬುಟ್ಟಿಗಳನ್ನು ತಡೆಹಿಡಿದಿದ್ದಾರೆ. “ಘೋಷಿಸದ ಬೀಜ.” ಜೊತೆಗೊಂದು ಫೋಟೋ. ಬಿಳಿ ತಟ್ಟೆಯ ಮೇಲೆ ಒಂದು ಹಿಡಿ ಭತ್ತ, ಪಕ್ಕದಲ್ಲಿ ಅಳತೆಪಟ್ಟಿ. ಅದರ ಪಕ್ಕ ಕಟ್ಟಿದ್ದ ಬಟ್ಟೆ. ಅಂಚು ನೋಡಿದ ಕೂಡಲೇ ಗೊತ್ತಾಯಿತು. ಅತ್ತೆಯ ಹಳೇ ಹಸಿರು ಸೀರೆಯದು.

ಎಲ್ಲಕ್ಕಿಂತ ಚಿಕ್ಕ ಬುಟ್ಟಿಯಲ್ಲಿ, ತಳದ ಕಾಗದದ ಕೆಳಗೆ ಸಿಕ್ಕಿತಂತೆ. ಪ್ಯಾಕಿಂಗ್ ದಿನ ನಾನು ಟೇಪ್ ತರಲು ಒಳಗೆ ಹೋದದ್ದು ಎರಡೇ ನಿಮಿಷ.

ಮೂರು ದಾರಿ ಕೊಟ್ಟಿದ್ದಾರೆ. ಒಂದು, ಎಲ್ಲವನ್ನೂ ಸುಟ್ಟುಹಾಕುವುದು, ಖರ್ಚಿಲ್ಲ. ಎರಡು, ನಮ್ಮ ಖರ್ಚಿನಲ್ಲಿ ವಾಪಸ್. ಮೂರು, ಭತ್ತ ತೆಗೆದು ಬುಟ್ಟಿಗಳನ್ನು ಹುಳ ಸಾಯುವಂತೆ ಶುದ್ಧಿ ಮಾಡಿ ಪರೀಕ್ಷಿಸುವುದು, ಅದೂ ನಮ್ಮ ಖರ್ಚಿನಲ್ಲೇ. ಅಕ್ಟೋಬರ್ ಎಂಟು, ಅವರ ಸಂಜೆ ಐದರೊಳಗೆ ಉತ್ತರ ಕೊಡದಿದ್ದರೆ ಮೊದಲನೆಯದು.

ಕೆಳಗೆ ಇನ್ನೊಂದು ಸಾಲು. ಸುಳ್ಳು ಘೋಷಣೆಗೆ ದಂಡ ವಿಧಿಸಬಹುದು. ಸಹಿ ನನ್ನದು.

ಅದೇ ದಿನ, 4 ಗಂಟೆ

ಅತ್ತೆ ಹಿತ್ತಿಲಲ್ಲಿ ಮನೆಯ ಬುಟ್ಟಿಗೆ ಕೆಮ್ಮಣ್ಣು ಬಳಿಯುತ್ತಿದ್ದಾರೆ, ಹುಣ್ಣಿಮೆ ಹತ್ತಿರ ಬಂತಲ್ಲ. ನಾನು ಕಿಟಕಿಯಿಂದ ನೋಡುತ್ತಾ ನಿಂತಿದ್ದೇನೆ. ಹೋಗಿ ಕೂಗಾಡಬೇಕು ಅನ್ನಿಸುತ್ತದೆ. ಅವರ ಕೈ ನೋಡಿದರೆ ಬಾಯಿ ಬರುವುದಿಲ್ಲ.

25 ಸೆಪ್ಟೆಂಬರ್

ಮಂಜುನಾಥಪ್ಪನವರ ಆಫೀಸು. ನವರಾತ್ರಿಯ ದಿನಗಳಾದರೂ ಬಾಗಿಲು ತೆಗೆದಿದ್ದರು. ಮೇಲ್ ಓದಿ ಕನ್ನಡಕ ತೆಗೆದಿಟ್ಟರು.

“ವಾಪಸ್ ತರಿಸೋದು ಮಾತ್ರ ಬ್ಯಾಡ ತಾಯಿ. ಇಲ್ಲಿಗೆ ಬಂದ್ರೆ ಅದು ಇಂಪೋರ್ಟ್ ಲೆಕ್ಕ. ಸುಂಕ ಕೇಳ್ತಾರೆ.”

“ನಮ್ಮನೆ ಬುಟ್ಟಿಗೆ ನಾವೇ ಆಮದು ಸುಂಕ ಕಟ್ಟೋದಾ ಸರ್?”

“ಹೋಗಿದ್ದೇ ವಾಪಸ್ ಬಂದಿದ್ದು ಅಂತ ಪ್ರೂವ್ ಮಾಡಿದ್ರೆ ಬಿಡ್ತಾರೆ. ಹೋಗೋವಾಗ ಕಾಗದದಲ್ಲಿ ಎಂತ ಬರ್ಸಿದ್ದೆ?”

“ಬಿದಿರಿನ ವಸ್ತು, ಒಂಬತ್ತು.”

“ಆಯ್ತಲ್ಲ. ಇಡೀ ಜಗತ್ತಲ್ಲಿ ಬಿದಿರಿನ ಬುಟ್ಟಿ ಒಂಬತ್ತೇ ಇರೋದಾ?”

ಅತ್ತೆಯ ಗೆರೆ ಅತ್ತೆಯದೇ ಎಂದು ನಾನು ಕಣ್ಣುಮುಚ್ಚಿ ಹೇಳಬಲ್ಲೆ. ಕಾಗದದಲ್ಲಿ ಅದಕ್ಕೆ ಕಾಲಂ ಇಲ್ಲ. ದಂಡದ ಬಗ್ಗೆ ಕೇಳಿದೆ. “ಜೈಲಿಗೆ ಹಾಕೋದಿಲ್ಲ ಬಿಡು” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಜೈಲು ಅನ್ನುವ ಮಾತನ್ನು ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ.

3 ಅಕ್ಟೋಬರ್

ಎಂಟು ದಿನ ಏನೂ ಬರೆಯಲಿಲ್ಲ. ಬರೆಯುವುದಕ್ಕೇನಿದೆ. ಮೇಲ್ ತೆಗೆದು ಓದುವುದು, ಮುಚ್ಚುವುದು. ಶುದ್ಧಿಯ ಖರ್ಚು ಕೇಳಿ ತಿಳಿದೆ. ಮುಂಗಡ ಪೂರ್ತಿ ಹೋಗಿ ಮೇಲೆ ಹತ್ತು ಸಾವಿರ ಬೇಕು. ಆ ಮುಂಗಡಕ್ಕೆ ಆದಾಯ ತೆರಿಗೆ ಬೇರೆ, ಜಿಎಸ್‌ಟಿ ರೀಫಂಡಿನ ಸುದ್ದಿಯೇ ಇಲ್ಲ. ಯಾವ ದೇಶವೂ ಬಿಡುವುದಿಲ್ಲ.

ಇವರು ದಸರೆಗೆ ಬಂದಿದ್ದಾರೆ. ತೀರ್ಥಹಳ್ಳಿ ಕಡೆ ಜೆಸಿಬಿ ಓಡಿಸುವ ಕೆಲಸ, ತಿಂಗಳಿಗೊಮ್ಮೆ ಮನೆ. ಹೇಳಿದೆ.

“ಸುಟ್ಟು ಹಾಕ್ಲಿ ಬಿಡೆ. ಮುಂಗಡ ಬಂದಿದ್ಯಲ್ಲ. ಬುಟ್ಟಿಗೋಸ್ಕರ ಕೈಯಿಂದ ಹಾಕ್ತೀಯ?”

“ಅದು ನಿಮ್ಮಮ್ಮನ ಕಡೇ ಕೆಲ್ಸ.”

“ಅಮ್ಮಂಗೆ ಮಾತ್ರ ಹೇಳ್ಬ್ಯಾಡ” ಎಂದು ಎದ್ದು ಹೋದರು. ಆ ಮನುಷ್ಯನ ಮೇಲೆ ಸಿಟ್ಟು ಬಂತು. ಹೇಳುವ ಧೈರ್ಯ ನನಗೂ ಇಲ್ಲ ಅಂತ ಇನ್ನೂ ಸಿಟ್ಟು ಬಂತು.

7 ಅಕ್ಟೋಬರ್, ಭೂಮಿ ಹುಣ್ಣಿಮೆ. ಬೆಳಿಗ್ಗೆ 10

ಹೇಳಿಬಿಟ್ಟೆ.

ಬೆಳಗಿನ ಜಾವ ಗದ್ದೆಗೆ ಹೋಗಿ, ಪೂಜೆ ಮಾಡಿ, ಗದ್ದೆ ತುಂಬ ಅನ್ನದ ಚರಗ ಚೆಲ್ಲಿ, ಅಲ್ಲೇ ಉಂಡು ಬಂದೆವು. ಮನೆಯ ಬುಟ್ಟಿಯ ಮೇಲೆ ಈ ಸಲ ಅತ್ತೆ ನಾಲ್ಕೇ ಗೆರೆ ಎಳೆದಿದ್ದರು. ಬರುವಾಗ ಗದ್ದೆ ಅಂಚಿನಲ್ಲಿ ಕೇಳಿದರು.

“ನಮ್ಮ ಬುಟ್ಟಿ ಮುಟ್ತಂತಾ ಅಲ್ಲಿ? ಅವ್ರೂ ಇವತ್ತೇ ಹಬ್ಬ ಮಾಡ್ತಾರಾ?”

ಏನಾಯಿತೋ ನನಗೆ. ಗದ್ದೆ ನಡುವೆ ನಿಂತು ಬೈದೆ. ಕೂಗಿ ಬೈದೆ. ಯಾರು ಹಾಕು ಅಂದರು, ನನ್ನ ಕಣ್ಣು ತಪ್ಪಿಸಿ ಯಾಕೆ ಹಾಕಿದಿರಿ, ನಾಳೆ ಎಲ್ಲ ಸುಟ್ಟುಹಾಕುತ್ತಾರೆ, ನಿಮ್ಮ ನಾಲ್ಕು ತಿಂಗಳು ಬೂದಿ, ನನ್ನ ಸಹಿ ಸುಳ್ಳಾಯಿತು — ಬಾಯಿಗೆ ಬಂದದ್ದೆಲ್ಲ. ಪಕ್ಕದ ಗದ್ದೆಯ ಗುತ್ಯಮ್ಮ ಎಡೆ ಬಡಿಸುವುದು ಬಿಟ್ಟು ನೋಡುತ್ತಿದ್ದಳು.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಕೇಳಿದರು.

“ಬತ್ತ ಎಂತ ಮಾಡಿದ್ರು?”

“ಅದನ್ನೂ ಸುಡ್ತಾರೆ ಅತ್ತೆ.”

ಅಂಚಿನ ಮೇಲೆ ಕೂತುಬಿಟ್ಟರು. ಬುಟ್ಟಿಗೆ ಅಷ್ಟು ಬೇಜಾರಾಗಲಿಲ್ಲ ಅವರಿಗೆ. ಬುಟ್ಟಿಯ ಬಣ್ಣ ನಾವೇ ವರ್ಷ ವರ್ಷ ತೊಳೆದು ಮತ್ತೆ ಬರೆಯುತ್ತೇವೆ. ಅನ್ನ ಸುಡುವುದುಂಟಾ?

“ಈ ಗದ್ದೇದೇ ಬತ್ತ ಅದು” ಅಂದರು. “ಗೇಣಿಗೆ ಮಾಡ್ತಿದ್ವಿ. ಬೆಳೆದಿದ್ದು ಬೆಳೆದ ಹಾಂಗೆ ಒಡೇರ ಮನೆಗೆ ಹೋಗ್ತಿತ್ತು. ಉಳುವೋನೇ ಒಡೆಯ ಅಂತ ಕಾನೂನು ಬಂದಾಗ ನಿನ್ನ ಗಂಡನ ಅಜ್ಜ ಡಿಕ್ಲರೇಶನ್ ಹಾಕಿ ಇದು ನಮ್ದಾತು. ಮೊದಲ್ನೇ ವರ್ಷ ಕೊಯ್ದ ಬತ್ತದಾಗೆ ಮನೆ ಮನೆಗೆ ಒಂದೊಂದು ಹಿಡಿ ಹಂಚಿದ್ವಿ. ಅಲ್ಲೀವರೆಗೆ ಯಾರಿಗೂ ಎಂತದೂ ಕೊಡಾಕೆ ನಮ್ಮ ಹತ್ರ ಇರ್ಲಿಲ್ಲ.”

ಮತ್ತೆ ಹೇಳಿದರು, “ನೀನು ಡಿಕ್ಲರೇಶನ್ ಬರೆದಿದ್ದು ನಂಗೆ ಗೊತ್ತಿರ್ಲಿಲ್ಲ ಕಣೆ. ಅದ್ರಾಗೆ ಸುಳ್ಳು ಇರಬಾರ್ದು. ನಾನೇ ಹಾಕಿದ್ದು ಅಂತ ಬರಿ. ಬೇಕಾದ್ರೆ ನನ್ನ ಸಹಿ ತಗಾ.”

ಮನೆಗೆ ಬರುವವರೆಗೂ ಅವರ ಕೈ ಹಿಡಿದುಕೊಂಡೇ ಬಂದೆ. ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ.

8 ಅಕ್ಟೋಬರ್. 10:50

ಅವರ ಸಂಜೆ ಐದು ಅಂದರೆ ನಮ್ಮ ಹನ್ನೊಂದೂವರೆ. ನೆಟ್‌ವರ್ಕ್ ಇಲ್ಲ. ಮೊಬೈಲ್ ಹಿಡಿದು ಮನೆ ಹಿಂದಿನ ಎತ್ತರದ ದರೆ ಹತ್ತಿದ್ದೇನೆ. ಅತ್ತೆಯೂ ಹಿಂದೆಯೇ ಬಂದು ಕಲ್ಲಿನ ಮೇಲೆ ಕೂತಿದ್ದಾರೆ.

ಮೂರನೆಯ ದಾರಿ ಆರಿಸಿದೆ. ಖರ್ಚಿಗೆ ನನ್ನ ಚೀಟಿ ದುಡ್ಡು. ಇವರಿಗೆ ಆಮೇಲೆ ಹೇಳಿದರಾಯಿತು.

11:08

ಹೊಸ ಘೋಷಣೆ. ಬೀಜ ಹಾಕಿದವರು ಯಾರು? ಮಾಸ್ತಮ್ಮ, ಬುಟ್ಟಿ ಬರೆದವರು. ಕಾರಣ? ನಮ್ಮಲ್ಲಿ ಬರಿ ಬುಟ್ಟಿ ಕೊಡುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದೆ. ಓದಿದರೆ ಹುಚ್ಚರ ಮಾತಿನಂತಿದೆ. ಇರಲಿ, ನಿಜ ಅದೇ.

ಅತ್ತೆ ಕಾಗದದ ಮೇಲೆ ಸಹಿ ಹಾಕಿದರು. ಮೂರು ಅಕ್ಷರಕ್ಕೆ ಮೂರು ನಿಮಿಷ. ಫೋಟೋ ತೆಗೆದು ಹಾಕಿದೆ.

11:17

ಬೀಜದ ಬೆಲೆ ಕೇಳುತ್ತಿದೆ. ಸೊನ್ನೆ ಹಾಕಿದರೆ ಕೆಂಪು ಅಕ್ಷರ, ತಗೊಳ್ಳುವುದಿಲ್ಲ. ಖಾಲಿ ಬಿಟ್ಟರೂ ಇಲ್ಲ.

“ಒಂದು ಹಿಡಿ ಬತ್ತಕ್ಕೆ ಎಂತ ಬೆಲೆ ಅಂತ ಕೇಳ್ತಾರೆ ಅತ್ತೆ.”

“ಮಾರಾಕಲ್ಲ, ಕೊಟ್ಟಿದ್ದು ಅಂತ ಬರಿ.”

“ಅಂಕಿ ಮಾತ್ರ ತಗೊಳ್ತದೆ.”

ಅತ್ತೆ ನನ್ನ ಮುಖ ನೋಡಿದರು. ನನಗೇ ನಾಚಿಕೆಯಾಯಿತು. ಒಂದು ಡಾಲರ್ ಎಂದು ಹಾಕಿದೆ.

11:26

ಹೋಯಿತು. ಸ್ವೀಕೃತಿ ಬಂತು. ದರೆ ಇಳಿಯಬೇಕು.

21 ಅಕ್ಟೋಬರ್

ಎಂಟು ಬುಟ್ಟಿ ಬಿಟ್ಟಿದ್ದಾರೆ! ಹೆಲೆನ್ ಕೈಗೆ ಸೇರಿದೆ, ಬಣ್ಣ ಒಂದಿಷ್ಟೂ ಹೋಗಿಲ್ಲವಂತೆ. ದಂಡ ಇಲ್ಲ, ಎಚ್ಚರಿಕೆ ಪತ್ರ ಮಾತ್ರ. ದೇವರೇ, ಹದಿಮೂರು ದಿನ ಆದಮೇಲೆ ಇವತ್ತು ಸರಿಯಾಗಿ ಉಂಡೆ.

ಚಿಕ್ಕದು ಉಳಿಯಲಿಲ್ಲ. ಹೆಣಿಗೆಯೊಳಗೆ ಹುಳದ ಮೊಟ್ಟೆ ಸಿಕ್ಕಿತಂತೆ. ಸುಟ್ಟರು. ಭತ್ತ ಹಾಕಿದ್ದೂ ಅದರಲ್ಲೇ.

ಒಂಬತ್ತನೆಯದು ಇಲ್ಲದೆ ಸಾಲು ಅರ್ಧವಾಗುತ್ತದೆ, ಇನ್ನೊಂದು ಬರೆದುಕೊಡಲು ಸಾಧ್ಯವೇ ಎಂದು ಹೆಲೆನ್ ಕೇಳಿದ್ದಾಳೆ. ಅತ್ತೆಗೆ ಓದಿ ಹೇಳಿದೆ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಸೆರಗು ಮುಚ್ಚಿದರು.

14 ನವೆಂಬರ್

ಹೆಲೆನ್ ಕೇಳಿದ ಚಿಕ್ಕ ಬುಟ್ಟಿಯನ್ನು ಅತ್ತೆ ನಾಲ್ಕನೇ ಸಲ ಬರೆದು ನಾಲ್ಕನೇ ಸಲ ಅಳಿಸಿದರು. ಗೆರೆ ನಿಲ್ಲುತ್ತಿಲ್ಲ. ಎಡಗೈಗೂ ನಡುಕ ಬಂದಿದೆ, ಇನ್ನು ಯಾವ ಕೈಯಿಂದ ಯಾವುದನ್ನು ಹಿಡಿಯುವುದು?

“ಗುತ್ಯಮ್ಮನೂ ಬರೀತಾಳಲ್ಲ, ಅವಳ ಹತ್ರ ಬರ್ಸೋಣ ಅತ್ತೆ, ಚಿಕ್ಕದೊಂದು ತಾನೇ” ಅಂದೆ. ಹೇಳಬಾರದಿತ್ತು.

“ಹಾಂಗೆ ಬರ್ಸಿ ಕಾಗದದಾಗೆ ನನ್ನ ಹೆಸ್ರು ಹಾಕ್ತೀಯ? ಮತ್ತೆ ಸುಳ್ಳು ಡಿಕ್ಲರೇಶನ್?”

19 ನವೆಂಬರ್

ಈಗ ಅವರ ಮಣಿಕಟ್ಟು ಹಿಡಿಯುವ ಕೆಲಸ ನನಗೆ. ಎಳೆಯುವುದು ಅವರೇ, ನಡುಗದಂತೆ ಹಿಡಿಯುವುದಷ್ಟೇ ನಾನು. “ಗಟ್ಟಿ ಹಿಡೀಬ್ಯಾಡ, ನಾಡಿ ನೋಡ್ತೀಯನೇ?” ಎಂದು ಬೈಸಿಕೊಳ್ಳುತ್ತಾ ದಿನಕ್ಕೆ ಎರಡು ಸಾಲು. ಫಾರಂ ತುಂಬುವಾಗ ಉಸಿರು ಬಿಗಿಹಿಡಿಯುತ್ತೇನಲ್ಲ, ಹಾಗೇ ಹಿಡಿದು ಕೂರುತ್ತೇನೆ.

ಗದ್ದೆಯಲ್ಲಿ ಬೈದದ್ದಕ್ಕೆ ಇವತ್ತು ಕ್ಷಮೆ ಕೇಳಿದೆ. “ಕೈ ಅಲ್ಲಾಡ್ಸಬ್ಯಾಡ” ಅಂದರು.

27 ನವೆಂಬರ್, ಗುರುವಾರ. ಬೆಳಿಗ್ಗೆ 9

ಚಿಕ್ಕ ಬುಟ್ಟಿ ಮುಗಿಯಿತು. ಹನ್ನೊಂದರ ಬಸ್ಸಿಗೆ ಶಿವಮೊಗ್ಗ. ಜಿಎಸ್‌ಟಿಯ ಪತ್ರ ಈ ಸಲ ಮರೆತಿಲ್ಲ. ನಾಲ್ಕೂ ಕಡೆಯಿಂದ ಫೋಟೋ ತೆಗೆದಿದ್ದೇನೆ, ವಾಪಸ್ ಬಂದರೆ ನಮ್ಮದೇ ಅಂತ ತೋರಿಸಲು. ಟಾರ್ಚ್ ಹಾಕಿ ಹೆಣಿಗೆಯ ಸಂದಿಸಂದಿ ನೋಡಿದೆ. ಒಂದು ಕಾಳಿಲ್ಲ, ಒಂದು ಕಣ ಮಣ್ಣಿಲ್ಲ. ಟೇಪನ್ನು ಮೊದಲೇ ಪಕ್ಕದಲ್ಲಿಟ್ಟುಕೊಂಡೆ.

ಅತ್ತೆ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಾರೆ. ಪೆಟ್ಟಿಗೆಗೆ ಬುಟ್ಟಿ ಇಟ್ಟೆ, ಮುಚ್ಚಳ ಹಿಡಿದೆ. ಎಲ್ಲ ಸರಿಯಾಗಿದೆ. ಆದರೆ ಒಳಗೆ ನೋಡಿದರೆ ಏನೂ ಇಲ್ಲ. ಏನೂ ಇಲ್ಲದ್ದನ್ನು ಯಾರಿಗಾದರೂ ಹೇಗೆ ಕೊಡುವುದು ಅಂತ ನನಗೇ ಅನ್ನಿಸಿತು. ಥೂ, ನನಗೂ ಹಿಡಿಯಿತಾ ಇದು?

ಬುಟ್ಟಿ ತೆಗೆದು ಅತ್ತೆಯ ಮಡಿಲಲ್ಲಿಟ್ಟೆ. ಬಿಳಿ ಬಣ್ಣದ ಬಟ್ಟಲು, ಕುಂಚ ತಂದುಕೊಟ್ಟೆ. “ಬತ್ತ ಹಾಕಿ ಅತ್ತೆ. ಬರೆದು ಹಾಕಿ” ಅಂದೆ.

ಅತ್ತೆ ನಕ್ಕರು. ಮಣಿಕಟ್ಟು ಹಿಡಿಯಲು ಹೋದರೆ ಕೈ ಸರಿಸಿದರು. ಬುಟ್ಟಿಯ ತಳದಲ್ಲಿ ಕುಂಚದ ತುದಿಯಿಂದ ಒಂದೊಂದೇ ಕಾಳು ಇಟ್ಟರು. ಕೈ ನಡುಗಿದ ಹಾಗೆ ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಓರೆ. ಆಗ ತಾನೇ ಹಿಡಿಯಿಂದ ಸುರಿದ ಭತ್ತ ಹೇಗೆ ಬೀಳುತ್ತದೋ ಹಾಗೇ ಬಂದಿದೆ. ಈ ನಡುಕ ಇಲ್ಲದಿದ್ದರೆ ಹೀಗೆ ಬರುತ್ತಿರಲಿಲ್ಲ.

10:20

ಬಣ್ಣ ಒಣಗಿತು. ಮತ್ತೆ ಟಾರ್ಚ್ ಹಾಕಿ ನೋಡಿದೆ, ಒಮ್ಮೆ ಮುಟ್ಟಿಯೂ ನೋಡಿದೆ. ಬಣ್ಣವೇ.

ಫಾರಂ ಒಂದು ಬಾಕಿ. ಹೆಸರು, ವಿಳಾಸ, ಬೆಲೆ ಎಲ್ಲ ತುಂಬಿದೆ. ಮಣ್ಣು ಇಲ್ಲ. ಬೀಜ ಇಲ್ಲ. ಇನ್ನು ಕೊನೆಯ ಕಾಲಂ. ಬುಟ್ಟಿ ಖಾಲಿ ಇದೆಯೇ, ಹೌದು ಅಥವಾ ಇಲ್ಲ.

ಹೌದು ಎಂದು ಗುರುತು ಹಾಕಬೇಕು. ಮಂಜುನಾಥಪ್ಪನವರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಅತ್ತೆ ಪಕ್ಕದಲ್ಲೇ ಕೂತು ಪೆನ್ನಿನ ತುದಿ ನೋಡುತ್ತಿದ್ದಾರೆ.

“ಎಂತ ಬರೀತೀಯೆ?”

ನಾನು ಪೆನ್ನು ಒತ್ತಿ ಇಲ್ಲ ಎಂದು ಗುರುತು ಹಾಕಿದೆ, ಪಕ್ಕದಲ್ಲಿ ಬರೆದೆ: ಒಂದು ಹಿಡಿ ಭತ್ತ, ಬಣ್ಣದ್ದು.